ಬ್ಯಾಟರಿ ಇದೆ, ಬೆಳಕಿಲ್ಲ: ಮನೆಯ ಸುರಕ್ಷತಾ ಸಾಮಾನು ಯಾವಾಗ, ಹೇಗೆ ನೋಡಿಕೊಳ್ಳುವುದು?

ಮಲೆನಾಡಿನ ಸಾಗರ ಪೇಟೆಯ ಸುತ್ತಮುತ್ತ, ನಮ್ಮ ಕಡೆ, ಟಾರ್ಚಿಗೆ ಯಾರೂ ಟಾರ್ಚ್ ಅನ್ನುವುದಿಲ್ಲ. ಅದು ಬ್ಯಾಟರಿ. ಅದರೊಳಗೆ ಹಾಕುವುದು ಶೆಲ್ಲು. "ಬ್ಯಾಟರಿ ತಗೊಂಡು ಹೋಗು, ಹಾವುಗೀವು ಇದ್ದೀತು" ಅನ್ನುವ ಮಾತು ಕೇಳಿಸಿಕೊಳ್ಳದೆ ಸಂಜೆ ಮೇಲೆ ಅಂಗಳಕ್ಕೆ ಇಳಿದ ನೆನಪೇ ನನಗಿಲ್ಲ.

ಒಂದು ಜುಲೈ ರಾತ್ರಿ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಹೋಯಿತು. ಇನ್ವರ್ಟರ್ ಇದೆಯಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು. ಅದು ಇಪ್ಪತ್ತು ನಿಮಿಷ ಉರಿದು, ಕುಂಯ್ ಎಂದು ಒಂದು ಸಲ ಕೂಗಿ ನಿಂತುಹೋಯಿತು. ಮಾವನವರಿಗೆ ಬಚ್ಚಲಿಗೆ ಹೋಗಬೇಕಿತ್ತು. "ಬ್ಯಾಟರಿ ಎಲ್ಲಿಟ್ಟೆ ಮಾರಾಯ್ತಿ?" ಎಂದು ಅತ್ತೆ ಕೇಳಿದರು. ತಡಕಾಡಿ ಹುಡುಕಿ ಒತ್ತಿದರೆ ಬೆಳಕೇ ಇಲ್ಲ. ಮುಚ್ಚಳ ತಿರುಗಿಸಿದರೆ ಒಳಗೆ ಬಿಳಿ ಹಿಟ್ಟು, ಸ್ಪ್ರಿಂಗಿಗೆ ಅಂಟಿಕೊಂಡ ಶೆಲ್ಲು. ಮೊಬೈಲ್ ಬೆಳಕಿನಲ್ಲಿ ಆ ರಾತ್ರಿ ಕಳೆದೆವು. ಬೆಳಗಾಗುವ ಹೊತ್ತಿಗೆ ಮೊಬೈಲೂ ಹೋಗಿತ್ತು. ಕರೆಂಟ್ ಬಂದದ್ದು ಮೂರನೇ ದಿನ.

ನಮ್ಮಲ್ಲಿ ಸಾಮಾನು ಇರಲಿಲ್ಲ ಎಂದೇನೂ ಅಲ್ಲ. ಎಲ್ಲವೂ ಇತ್ತು. ಮಿಕ್ಸಿ ಕೆಟ್ಟರೆ ಮರುದಿನ ಬೆಳಿಗ್ಗೆ ಚಟ್ನಿ ಹೊತ್ತಿಗೆ ಗೊತ್ತಾಗುತ್ತದೆ. ಟಾರ್ಚ್ ಕೆಟ್ಟದ್ದು ಗೊತ್ತಾಗುವುದು ಕತ್ತಲಾದ ಮೇಲೇ. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಸಾಮಾನು ತಾನು ಸತ್ತದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಹೋಗಿ ಕೇಳಬೇಕು.

1. ಮೊದಲು ದಿನ ಗೊತ್ತು ಮಾಡಿಕೊಳ್ಳಿ

"ಆಗಾಗ ನೋಡಿಕೊಳ್ಳಿ" ಎಂದರೆ ಯಾರೂ ನೋಡುವುದಿಲ್ಲ. ಮೊಬೈಲಿನಲ್ಲಿ ರಿಮೈಂಡರ್ ಇಟ್ಟರೆ ಅದನ್ನು ಒತ್ತಿ ಸುಮ್ಮನಾಗಿಸುತ್ತೇವೆ, ಅಲ್ವಾ? ನಾನು ಹಾಗೆ ಎರಡು ಸಲ ಮಾಡಿ ಸೋತಿದ್ದೇನೆ. ಈಗಾಗಲೇ ಮನೆಯಲ್ಲಿ ನಡೆಯುವ ದಿನಗಳಿಗೇ ಈ ಕೆಲಸವನ್ನು ಗಂಟು ಹಾಕುವುದು ವಾಸಿ.

ಅಮೆರಿಕದಲ್ಲಿ ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆಮುಂದೆ ಮಾಡುತ್ತಾರೆ. ಅದೇ ದಿನ ಹೊಗೆ ಅಲಾರಂನ ಶೆಲ್ಲನ್ನೂ ಬದಲಿಸುವ ರೂಢಿ ಅಲ್ಲಿದೆ. ನಮ್ಮಲ್ಲಿ ಗಡಿಯಾರ ತಿರುಗಿಸುವ ಕೆಲಸ ಇಲ್ಲ. ಆದರೆ ಅದಕ್ಕಿಂತ ಒಳ್ಳೆಯ ಹಬ್ಬವೊಂದು ನಮಗಿದೆ. ಆಯುಧ ಪೂಜೆಯ ದಿನ ಕತ್ತಿ, ಗುದ್ದಲಿ, ಬೈಕು, ಪಂಪ್‌ಸೆಟ್ಟು ಎಲ್ಲವನ್ನೂ ಒರೆಸಿ ತೊಳೆದು ಕುಂಕುಮ ಇಡುತ್ತೇವೆ. ಇನ್ವರ್ಟರಿಗೂ ಹೂವು ಏರಿಸುತ್ತೇವೆ. ಹೂವಿನ ಜೊತೆ ಅದರ ಬ್ಯಾಟರಿಯ ನೀರನ್ನೂ ನೋಡಿದರೆ ಆಯಿತು.

ನಾನು ಇಟ್ಟುಕೊಂಡಿರುವುದು ಮೂರು ದಿನ: ಸಂಕ್ರಾಂತಿ, ಮೇ ಕೊನೆಯಲ್ಲಿ ರೋಹಿಣಿ ಮಳೆ ಹಿಡಿಯುವ ಮುನ್ನಾ ವಾರ, ಆಮೇಲೆ ಆಯುಧ ಪೂಜೆ. ಹೆಚ್ಚುಕಮ್ಮಿ ನಾಲ್ಕು ತಿಂಗಳಿಗೊಮ್ಮೆ ಬರುತ್ತದೆ. ಸಂಕ್ರಾಂತಿಯದ್ದು ಬೇಸಿಗೆಗೆ ಮುಂಚೆ, ರೋಹಿಣಿಯದ್ದು ಮಳೆಗೆ ಮುಂಚೆ. ಮಲೆನಾಡಿನವರು ಹೇಗೂ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುತ್ತಾರೆ, ಕಟ್ಟಿಗೆ ಒಳಗೆ ಹಾಕುತ್ತಾರೆ, ಹಪ್ಪಳ ಒಣಗಿಸುತ್ತಾರೆ. ಆ ಸಾಲಿಗೆ ಇದೂ ಒಂದು.

ಇದಲ್ಲದೆ ತಿಂಗಳಿಗೊಮ್ಮೆ ಮಾಡುವ ಐದು ನಿಮಿಷದ ಕೆಲಸವೂ ಇದೆ. ಅದಕ್ಕೆ ಕರೆಂಟ್ ಬಿಲ್ ಬರುವ ದಿನ. ಬಿಲ್ಲು ಕೈಗೆ ಬಂದಾಗ ಮೀಟರ್ ಪಕ್ಕದಲ್ಲೇ ನಿಂತಿರುತ್ತೇವಲ್ಲ.

2. ಒಂದು ಪುಸ್ತಕ, ಮನೆಯ ಒಂದು ಸುತ್ತು

ಹಳೆಯ ನೋಟ್‌ಬುಕ್ ಒಂದು ಸಾಕು. ಅದನ್ನು ಹಿಡಿದು ಮನೆಯನ್ನೊಂದು ಸುತ್ತು ಹಾಕಿ, ಶೆಲ್ಲು ಹಾಕುವ ಸಾಮಾನು, ಚಾರ್ಜ್ ಮಾಡುವ ಸಾಮಾನು, ಅವಧಿ ಮುಗಿಯುವ ಸಾಮಾನು ಎಲ್ಲವನ್ನೂ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಹತ್ತೋ ಹನ್ನೆರಡೋ ಇರಬಹುದು ಅಂದುಕೊಂಡಿದ್ದೆ. ಮೂವತ್ತು ದಾಟಿತು! ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ, ಥರ್ಮಾಮೀಟರ್, ಗ್ಯಾಸ್ ಗೀಸರಿನ ಕೆಳಗಿನ ಎರಡು ದಪ್ಪ ಶೆಲ್ಲು, ಮೂಲೆ ಸೇರಿದ್ದ ರೇಡಿಯೊ. ಪ್ರತಿಯೊಂದರ ಮುಂದೆ ಶೆಲ್ಲಿನ ಅಳತೆ ಮತ್ತು ಹಾಕಿದ ತಾರೀಕು ಬರೆಯಿರಿ. ಶೆಲ್ಲಿನ ಮೇಲೂ ಮಾರ್ಕರ್ ಪೆನ್ನಿನಲ್ಲಿ ತಿಂಗಳು ಗೀಚಿಬಿಡಿ. ಇಷ್ಟೇ ಕೆಲಸ, ಆದರೆ "ಇದನ್ನು ಯಾವಾಗ ಹಾಕಿದ್ದು?" ಎಂಬ ಜಗಳ ಆಮೇಲೆ ಇರುವುದಿಲ್ಲ.

3. ಟಾರ್ಚು ಮತ್ತು ಶೆಲ್ಲು

ಮೊದಲು ಮುಚ್ಚಳ ತೆಗೆದು ಒಳಗೆ ನೋಡಿ. ಹೊತ್ತುತ್ತದೆ ಎಂದ ಮಾತ್ರಕ್ಕೆ ಸರಿ ಇದೆ ಎಂದಲ್ಲ. ಶೆಲ್ಲು ಸೋರಲು ಶುರುವಾಗಿದ್ದರೂ ಟಾರ್ಚ್ ಒಂದಿಷ್ಟು ದಿನ ಉರಿಯುತ್ತದೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಶೆಲ್ಲುಗಳು ಜಿಂಕ್ ಕಾರ್ಬನ್. ಗೋಡೆ ಗಡಿಯಾರಕ್ಕೂ ರಿಮೋಟಿಗೂ ಅವು ಸಾಕು. ಆದರೆ ಟಾರ್ಚಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಸೋರುವುದು ಜಾಸ್ತಿ. ತುರ್ತಿಗೆ ಇಡುವುದಾದರೆ ಸ್ವಲ್ಪ ದುಡ್ಡು ಹೆಚ್ಚಾದರೂ ಆಲ್ಕಲೈನ್ ತೆಗೆದುಕೊಳ್ಳಿ. ಒಳ್ಳೆಯವು ಇಟ್ಟಲ್ಲೇ ಐದರಿಂದ ಹತ್ತು ವರ್ಷ ಶಕ್ತಿ ಉಳಿಸಿಕೊಳ್ಳುತ್ತವೆ. ಕೊನೆಯ ತಾರೀಕು ಶೆಲ್ಲಿನ ಮೇಲೋ ಕವರಿನ ಮೇಲೋ ಇರುತ್ತದೆ. ಕೊಳ್ಳುವಾಗ ಅದನ್ನು ಓದಿ. ಹಳ್ಳಿ ಅಂಗಡಿಯ ಗಾಜಿನ ಡಬ್ಬಿಯಲ್ಲಿ ಅದು ಎಷ್ಟು ಮಳೆಗಾಲ ಕಂಡಿದೆಯೋ ಯಾರಿಗೆ ಗೊತ್ತು.

ಆಲ್ಕಲೈನ್ ಕೂಡ ಸೋರುವುದಿಲ್ಲ ಎಂದಲ್ಲ. ಹಾಗಾಗಿ ನಾನು ಟಾರ್ಚ್ ಒಂದನ್ನು ಶೆಲ್ಲು ಹಾಕಿಯೇ ಇಡುತ್ತೇನೆ. ಇನ್ನೊಂದರ ಶೆಲ್ಲು ತೆಗೆದು, ರಬ್ಬರ್ ಬ್ಯಾಂಡಿನಿಂದ ಟಾರ್ಚಿಗೇ ಕಟ್ಟಿ ಇಡುತ್ತೇನೆ.

ಶಕ್ತಿ ಎಷ್ಟಿದೆ ಎಂದು ನೋಡಲು ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಶೆಲ್ಲು 1.5 ವೋಲ್ಟ್ ಅಥವಾ ಕೊಂಚ ಮೇಲೆ ತೋರಿಸುತ್ತದೆ. 1.2ಕ್ಕಿಂತ ಕೆಳಗೆ ಇಳಿದಿದ್ದರೆ ಅದನ್ನು ಗಡಿಯಾರಕ್ಕೆ ಹಾಕಿ, ಟಾರ್ಚಿಗೆ ಬೇಡ. ಚಾರ್ಜ್ ಮಾಡುವ ಶೆಲ್ಲುಗಳ ಲೆಕ್ಕವೇ ಬೇರೆ, ಅವು ಹುಟ್ಟುವುದೇ 1.2 ವೋಲ್ಟಿನಲ್ಲಿ. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ಬಲ ಇರುವ ಶೆಲ್ಲು ಬಲ ಇಲ್ಲದ್ದನ್ನು ಎಳೆದಾಡಿಸಿ ಸೋರಿಸುತ್ತದೆ.

ಸೋರಿದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ. ಆಲ್ಕಲೈನ್ ಶೆಲ್ಲಿನ ಬಿಳಿ ಪುಡಿಗೆ ಹತ್ತಿಯಲ್ಲಿ ಒಂದು ತೊಟ್ಟು ವಿನಿಗರ್ ಅಥವಾ ನಿಂಬೆರಸ ಮುಟ್ಟಿಸಿ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ. ಸ್ಪ್ರಿಂಗ್ ತುಕ್ಕು ತಿಂದು ಹೋಗಿದ್ದರೆ ಅದರ ಆಸೆ ಬಿಟ್ಟು ಹೊಸ ಟಾರ್ಚ್ ತನ್ನಿ.

ಗೋಡೆಗೆ ಚುಚ್ಚಿ ಚಾರ್ಜ್ ಮಾಡುವ ಟಾರ್ಚು, ಎಮರ್ಜೆನ್ಸಿ ಲೈಟುಗಳ ಕಥೆ ಬೇರೆ. ಅವು ಬಳಸಿ ಸಾಯುವುದಕ್ಕಿಂತ ಖಾಲಿ ಹೊಟ್ಟೆಯಲ್ಲಿ ಇಟ್ಟು ಸಾಯುವುದೇ ಜಾಸ್ತಿ. ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ. ಚಾರ್ಜ್ ಆದ ಮೇಲೆ ಹತ್ತಿಸಿಟ್ಟು ಎಷ್ಟು ಹೊತ್ತು ಉರಿಯುತ್ತದೆ ನೋಡಿ, ಪುಸ್ತಕದಲ್ಲಿ ಬರೆಯಿರಿ. ಹೋದ ವರ್ಷ ಮೂರು ಗಂಟೆ ಉರಿದದ್ದು ಈ ವರ್ಷ ಮುಕ್ಕಾಲು ಗಂಟೆ ಉರಿದರೆ ಅದಕ್ಕೆ ವಯಸ್ಸಾಯಿತು ಎಂದರ್ಥ.

ಬಟನ್ ಶೆಲ್ಲಿನ ಬಗ್ಗೆ ಒಂದು ಮಾತು. ಗುಂಡಗೆ, ನಾಣ್ಯದಂತೆ ಹೊಳೆಯುವ ಈ ಶೆಲ್ಲು ಮಕ್ಕಳ ಬಾಯಿಗೆ ಹೋದರೆ ಬಹಳ ಅಪಾಯ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿದ್ದಾರೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಬಿಡಿ ಶೆಲ್ಲುಗಳನ್ನು ಎತ್ತರದಲ್ಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ.

4. ಇನ್ವರ್ಟರ್ ಬ್ಯಾಟರಿ

ನಮ್ಮ ಮನೆಯಲ್ಲಿ ಆ ರಾತ್ರಿ ಕೈಕೊಟ್ಟದ್ದು ಇದು. ಕಾರಣ ಸರಳ. ಬೇಸಿಗೆಯಲ್ಲಿ ನೀರು ಆರಿಹೋಗಿತ್ತು, ಯಾರೂ ನೋಡಿರಲಿಲ್ಲ.

ಹೆಚ್ಚಿನ ಮನೆಗಳಲ್ಲಿರುವುದು 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿ. ಮೇಲೆ ಆರು ಮುಚ್ಚಳ, ಪ್ರತಿ ಮುಚ್ಚಳದಲ್ಲಿ ತೇಲುವ ಕಡ್ಡಿ. ಕಡ್ಡಿ ಕೆಳಗಿನ ಗೆರೆಗೆ ಇಳಿದಿದ್ದರೆ ನೀರು ಬೇಕು. ಎರಡು ತಿಂಗಳಿಗೊಮ್ಮೆ ನೋಡಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಬೇಡ, ಕುದಿಸಿ ಆರಿಸಿದ ನೀರು ಬೇಡ, ಫಿಲ್ಟರ್ ನೀರೂ ಬೇಡ. ಅವುಗಳಲ್ಲಿ ಉಳಿದ ಲವಣ ಪ್ಲೇಟುಗಳನ್ನು ಹಾಳು ಮಾಡುತ್ತದೆ. "ಸ್ವಲ್ಪ ಆ್ಯಸಿಡ್ ಹಾಕಿದರೆ ಪವರ್ ಬರುತ್ತದೆ" ಎನ್ನುವ ಬುದ್ಧಿವಂತರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ. ಆರುವುದು ನೀರು, ಆ್ಯಸಿಡ್ ಅಲ್ಲ.

ಕೆಲಸದ ಕ್ರಮ ಹೀಗೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಇನ್ವರ್ಟರನ್ನು ಆಫ್ ಮಾಡಿ, ಗೋಡೆಯ ಪ್ಲಗ್ ಕೂಡ ತೆಗೆಯಿರಿ. ಕಿಟಕಿ ತೆರೆಯಿರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ, ಅದು ಬೆಂಕಿ ಹಿಡಿಯುವಂಥದ್ದು. ಹಾಗಾಗಿ ಹತ್ತಿರ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ. ಪೂಜೆ ಮಾಡುವವರು ಆರತಿಯನ್ನು ದೂರದಿಂದಲೇ ಬೆಳಗಿ. ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ. ಎರಡು ಟರ್ಮಿನಲ್ ನಡುವೆ ಲೋಹ ಸಿಕ್ಕಿದರೆ ಕೆಂಪಗೆ ಕಾಯುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮೇಲಿನ ಗೆರೆ ದಾಟದಂತೆ ನೀರು ತುಂಬಿ. ಉಕ್ಕಿ ಹರಿದರೆ ಆ್ಯಸಿಡ್ ನೆಲಕ್ಕೆ ಬರುತ್ತದೆ. ಚರ್ಮಕ್ಕೋ ಕಣ್ಣಿಗೋ ತಾಗಿದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು. ಕಣ್ಣಿಗಾದರೆ ತೊಳೆದು ಡಾಕ್ಟರ ಹತ್ತಿರ ಹೋಗಲೇಬೇಕು.

ಟರ್ಮಿನಲ್ ಮೇಲೆ ಬಿಳಿ ಹಸಿರು ಬಣ್ಣದ ಹೂವು ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಉಜ್ಜಿ. ಆ ನೀರು ಮುಚ್ಚಳದ ತೂತಿನೊಳಗೆ ಹೋಗಬಾರದು. ಒರೆಸಿ ಒಣಗಿಸಿ, ನಟ್ಟು ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಗ್ರೀಸ್ ಬೇಡ.

ಇನ್ನು ಲೆಕ್ಕ. 150 ಆಂಪಿಯರ್ ಅವರ್ ಬ್ಯಾಟರಿ ಎಂದರೆ 12 ವೋಲ್ಟಿನಿಂದ ಗುಣಿಸಿದಾಗ 1800 ವಾಟ್ ಅವರ್. ಎರಡು ಸಾಮಾನ್ಯ ಫ್ಯಾನಿಗೆ 140 ವಾಟ್, ನಾಲ್ಕು ಎಲ್‌ಇಡಿ ಬಲ್ಬಿಗೆ 36 ವಾಟ್. ಕಾಗದದ ಮೇಲೆ ಹತ್ತು ಗಂಟೆ ಬರಬೇಕು. ನಡುವೆ ನಷ್ಟವಾಗುವುದನ್ನು ಕಳೆದು ಹೊಸ ಬ್ಯಾಟರಿಯಲ್ಲೇ ಏಳೆಂಟು ಗಂಟೆ ಸಿಕ್ಕಿದರೆ ಚೆನ್ನಾಗಿದೆ ಎನ್ನಬಹುದು. ನಿಮ್ಮಲ್ಲಿ ಎರಡು ಗಂಟೆಯೂ ಬಾರದಿದ್ದರೆ ಮಳೆಗಾಲಕ್ಕೆ ಮುಂಚೆ ಡೀಲರನ್ನು ಕರೆಸಿ, ಆ್ಯಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಹಾಕಿಸಿ. ಮುಚ್ಚಳಕ್ಕೊಂದರಂತೆ ಒಳಗಿರುವ ಆರು ಸೆಲ್‌ಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ತೀರಾ ಕೆಳಗಿದ್ದರೆ ಬ್ಯಾಟರಿ ಮುಗಿಯಿತು, ನೀರು ಹಾಕಿ ಉಳಿಸಲಾಗುವುದಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ಕರೆಂಟ್ ಅಷ್ಟಾಗಿ ಹೋಗದ ಬಡಾವಣೆಯವರಿಗೆ ತಿರುಗುಮುರುಗು ಸಮಸ್ಯೆ. ಬ್ಯಾಟರಿಗೆ ಕೆಲಸವೇ ಇರುವುದಿಲ್ಲ. ಅಂಥವರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಮನೆಯನ್ನು ಒಂದೆರಡು ಗಂಟೆ ಇನ್ವರ್ಟರ್ ಮೇಲೆಯೇ ನಡೆಸಿ. ಬ್ಯಾಟರಿಗೂ ಮೈಮುರಿದಂತಾಗುತ್ತದೆ, ನಿಮಗೂ ಅದರ ಯೋಗ್ಯತೆ ಗೊತ್ತಾಗುತ್ತದೆ.

5. ಮೀಟರ್ ಬೋರ್ಡಿನಲ್ಲಿರುವ 'ಟಿ' ಬಟನ್

ಈ ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡಲು ಪುರಸೊತ್ತಿರುವವರು ಇದನ್ನು ಮಾಡಿ. ಖರ್ಚಿಲ್ಲ, ಬೇಕಾದದ್ದು ಒಂದು ಬೆರಳು.

ಬೋರ್ಡಿನಲ್ಲಿ ಸಾಲಾಗಿರುವ ಸಣ್ಣ ಸ್ವಿಚ್ಚುಗಳು ಎಂಸಿಬಿ. ಅವು ವೈರನ್ನು ಕಾಯುತ್ತವೆ, ಲೋಡ್ ಜಾಸ್ತಿಯಾದರೆ ಬೀಳುತ್ತವೆ. ಅವುಗಳ ಪಕ್ಕದಲ್ಲಿ ಸ್ವಲ್ಪ ಅಗಲದ, 'ಟಿ' ಅಥವಾ 'ಟೆಸ್ಟ್' ಎಂದು ಬರೆದ ಚಿಕ್ಕ ಗುಂಡಿ ಇರುವುದು ಆರ್‌ಸಿಸಿಬಿ. ಹಳೆಯ ಎಲೆಕ್ಟ್ರಿಷಿಯನ್‌ಗಳು ಇಎಲ್‌ಸಿಬಿ ಅನ್ನುತ್ತಾರೆ. ಇದು ಮನುಷ್ಯರನ್ನು ಕಾಯುವಂಥದ್ದು. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ನಡುವೆ ಯಾರದೋ ಮೈಯಿಂದ ಭೂಮಿಗೆ ಸೋರಿ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. 100, 300 ಎಂದು ಬರೆದಿದ್ದರೆ ಅದು ಶಾಕ್‌ನಿಂದ ಜೀವ ಉಳಿಸುವುದಕ್ಕೆ ಸಾಲುವುದಿಲ್ಲ.

ವರ್ಷಗಟ್ಟಲೆ ಅಲುಗಾಡದೆ ಇದ್ದರೆ ಒಳಗಿನ ಭಾಗ ಅಂಟಿಕೊಳ್ಳಬಹುದು. ಅದಕ್ಕೇ ತಿಂಗಳಿಗೊಮ್ಮೆ ಒತ್ತಬೇಕು. ಕಂಪ್ಯೂಟರ್ ಆಫ್ ಮಾಡಿ, ಕರೆಂಟ್ ಇರುವಾಗಲೇ 'ಟಿ' ಒತ್ತಿ. ಟಕ್ ಎಂದು ಬೀಳಬೇಕು. ಬಿದ್ದರೆ ಮತ್ತೆ ಮೇಲೆತ್ತಿ, ಫ್ರಿಜ್ ಶುರುವಾಯಿತೇ ನೋಡಿ. ಬೀಳದಿದ್ದರೆ ಅದೇ ದಿನ ಎಲೆಕ್ಟ್ರಿಷಿಯನ್‌ಗೆ ಹೇಳಿ. ಇಂಥ ಗುಂಡಿಯೇ ಕಾಣದಿದ್ದರೆ ನಿಮ್ಮ ಮನೆಯಲ್ಲಿ ಆರ್‌ಸಿಸಿಬಿಯೇ ಇಲ್ಲ. ಹಳೆಯ ಮನೆಗಳಲ್ಲಿ ಇರುವುದಿಲ್ಲ. ಬೇರೆ ಯಾವ ಖರ್ಚನ್ನಾದರೂ ಮುಂದೆ ಹಾಕಿ, ಇದನ್ನು ಹಾಕಿಸಿ.

ಮಳೆಗಾಲದಲ್ಲಿ ಅದು ಪದೇಪದೇ ಬೀಳುತ್ತದೆ ಎಂದು ಬೈಪಾಸ್ ಮಾಡಿಸಿಕೊಂಡವರನ್ನು ನೋಡಿದ್ದೇನೆ. ನಾಯಿ ಬೊಗಳುತ್ತದೆ ಎಂದು ನಾಯಿಯನ್ನೇ ಓಡಿಸಿದ ಹಾಗೆ. ಬೀಳುತ್ತಿದ್ದರೆ ಎಲ್ಲೋ ಸೋರುತ್ತಿದೆ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಮೇಲೆತ್ತಿ, ಆಮೇಲೆ ಒಂದೊಂದಾಗಿ ಎಂಸಿಬಿ ಏರಿಸುತ್ತಾ ಬನ್ನಿ. ಯಾವುದನ್ನು ಏರಿಸಿದಾಗ ಬೀಳುತ್ತದೋ ಆ ಸಾಲಿನಲ್ಲಿ ಕಳ್ಳ ಇದ್ದಾನೆ. ನಮ್ಮಲ್ಲಿ ಸಿಕ್ಕಿದ್ದು ಕೊಟ್ಟಿಗೆಯ ಹೊರಗೋಡೆಯ ಸ್ವಿಚ್ಚು, ಒಳಗೆ ನೀರು ಇಳಿದಿತ್ತು. ಗೀಸರ್ ಮತ್ತು ಪಂಪ್‌ಸೆಟ್ ಕೂಡ ಇಂಥದ್ದಕ್ಕೆ ಹೆಸರುವಾಸಿ.

ಇನ್ನೊಂದು: ಬಟ್ಟೆ ಒಣಗಿಸುವ ತಂತಿ. ಅದನ್ನು ಕರೆಂಟ್ ಕಂಬಕ್ಕೋ, ಸರ್ವಿಸ್ ವೈರ್ ಹಾಯ್ದ ಕೊಕ್ಕೆಗೋ ಕಟ್ಟಿದ್ದರೆ ಇವತ್ತೇ ಬಿಚ್ಚಿ. ಪ್ಲಾಸ್ಟಿಕ್ ಹಗ್ಗ ಕಟ್ಟಿ.

6. ಗ್ಯಾಸು

ಕಿತ್ತಳೆ ಬಣ್ಣದ ಗ್ಯಾಸ್ ಪೈಪನ್ನು ತಿರುಗಿಸಿ ನೋಡಿ, ತಯಾರಾದ ತಿಂಗಳು ವರ್ಷ ಅದರ ಮೇಲೇ ಅಚ್ಚಾಗಿರುತ್ತದೆ. ಐದು ವರ್ಷಕ್ಕೆ ಬದಲಿಸಬೇಕು, ಚೆನ್ನಾಗಿ ಕಂಡರೂ ಸರಿ. ಬಗ್ಗಿಸಿದಾಗ ಬಿರುಕು ಕಂಡರೆ, ಇಲಿ ಕಡಿದ ಗುರುತಿದ್ದರೆ ಐದು ವರ್ಷ ಕಾಯಬೇಕಿಲ್ಲ. ಪೈಪಿಗೆ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಸುತ್ತಬೇಡಿ. ಅಂದಕ್ಕೆ ಸುತ್ತಿದ್ದು ಬಿರುಕನ್ನು ಮುಚ್ಚಿಡುತ್ತದೆ.

ಸೋರಿಕೆ ನೋಡಲು ಸೋಪಿನ ನೀರು. ರೆಗ್ಯುಲೇಟರ್ ಕತ್ತು, ಪೈಪಿನ ಎರಡು ತುದಿಗೆ ಸವರಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಬೆಂಕಿ ಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ದಯವಿಟ್ಟು ಅವರಾಗಬೇಡಿ.

ಹೊಸ ಸಿಲಿಂಡರ್ ಬಂದಾಗ ಅದರ ಕತ್ತಿನ ಪಟ್ಟಿಯ ಒಳಬದಿ ನೋಡಿ. ಒಂದು ಅಕ್ಷರ, ಎರಡು ಅಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. 'ಸಿ 28' ಎಂದಿದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ತಾರೀಕು ದಾಟಿದ್ದನ್ನು ತೆಗೆದುಕೊಳ್ಳಬೇಡಿ, ತಂದ ಹುಡುಗನಿಗೆ ಸಮಾಧಾನವಾಗಿ ತೋರಿಸಿ ವಾಪಸ್ ಕಳಿಸಿ.

ರಾತ್ರಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ಚಿನ ಹತ್ತಿರ ಕೈ ಹೋಗಬಾರದು. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಇದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಎಲ್ಲರನ್ನೂ ಹೊರಗೆ ಕರೆತನ್ನಿ, ಅಂಗಳದಿಂದ 1906ಕ್ಕೆ ಫೋನ್ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಮೇಲಿನ ಕಿಟಕಿ ಮಾತ್ರ ತೆರೆದರೆ ಸಾಲದು, ಬಾಗಿಲೂ ಬೇಕು.

ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದರೆ ಹೊರಗೆ ಗಾಳಿಯಾಡುವ ಕಡೆ ಹಾಕಿಸಿ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೆ ತಲೆ ಸುತ್ತು ಬರುವುದೂ ಗೊತ್ತಾಗುವುದಿಲ್ಲ.

ಕುಕ್ಕರಿನ ಸೇಫ್ಟಿ ವಾಲ್ವ್ ಕರಗಿದ್ದರೆ ಅದೇ ಕಂಪನಿಯದ್ದನ್ನು ಹಾಕಿ. ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಬದಲಿಸಿ. ಇದನ್ನು ಹೆಚ್ಚು ಹೇಳಬೇಕಿಲ್ಲ, ಅಡುಗೆ ಮಾಡುವವರಿಗೆ ಗೊತ್ತು.

7. ಬೆಂಕಿ ಆರಿಸುವ ಸಿಲಿಂಡರ್, ಹೊಗೆ ಅಲಾರಂ

ಮನೆಗೆ ಎಬಿಸಿ ಪೌಡರ್ ತುಂಬಿದ ಎರಡು ಕೆಜಿಯ ಸಿಲಿಂಡರ್ ಒಂದು ಇರಲಿ. ಅಡುಗೆಮನೆಯ ಬಾಗಿಲ ಹತ್ತಿರ ನೇತು ಹಾಕಿ, ಒಲೆಯ ಮೇಲಲ್ಲ. ಒಲೆಗೇ ಬೆಂಕಿ ಬಿದ್ದರೆ ಅಲ್ಲಿಗೆ ಕೈ ಚಾಚಲಾಗುತ್ತದೆಯೇ? ತಿಂಗಳಿಗೊಮ್ಮೆ ಗೇಜಿನ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಪಿನ್ನು ಮತ್ತು ಸೀಲು ಇರಲಿ, ಪೈಪಿನ ಬಾಯಲ್ಲಿ ಜೇಡ ಗೂಡು ಕಟ್ಟಿರಬಾರದು. ಲೇಬಲ್ಲಿನಲ್ಲಿ ಬರೆದ ತಾರೀಕಿಗೆ ಸರ್ವಿಸ್ ಮಾಡಿಸಿ. ಆಯುಧ ಪೂಜೆಯ ದಿನ ಗೇಜಿನ ಗಾಜಿನ ಮೇಲೆ ಕುಂಕುಮ ಹಚ್ಚಬೇಡಿ. ನಮ್ಮ ಮನೆಯಲ್ಲಿ ಹಚ್ಚಿ, ಒಂದು ವರ್ಷ ಮುಳ್ಳು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ.

ಬಳಸುವುದು ಹೀಗೆ: ಪಿನ್ ಎಳೆಯಿರಿ, ಬಾಯನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿ ಒತ್ತಿ, ಎಡಕ್ಕೂ ಬಲಕ್ಕೂ ಗುಡಿಸುವಂತೆ ಆಡಿಸಿ. ಸಿಗುವುದು ಹತ್ತು ಸೆಕೆಂಡಿನ ಆಸುಪಾಸು ಮಾತ್ರ. ಹಿಂದೆ ಬಾಗಿಲು ಇಟ್ಟುಕೊಂಡೇ ನಿಲ್ಲಿ. ಆರಲಿಲ್ಲವೆಂದರೆ ಶೌರ್ಯ ಬೇಡ, ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ದೊಡ್ಡ ತಟ್ಟೆಯನ್ನೋ ಮುಚ್ಚಳವನ್ನೋ ಪಕ್ಕದಿಂದ ಜಾರಿಸಿ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ.

ಹೊಗೆ ಅಲಾರಂ ನಮ್ಮ ಊರುಗಳಲ್ಲಿ ಕಮ್ಮಿ, ಅಪಾರ್ಟ್‌ಮೆಂಟುಗಳಲ್ಲಿ ಈಚೆಗೆ ಬಂದಿದೆ. ವಿದೇಶದಲ್ಲಿರುವ ಕನ್ನಡಿಗರ ಮನೆಯಲ್ಲಿ ಕೋಣೆಗೊಂದು ಇರುತ್ತದೆ. ನನ್ನ ತಂಗಿ ಇರುವುದು ನ್ಯೂಜೆರ್ಸಿಯಲ್ಲಿ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಸಾಕು, ಅಲಾರಂ ಅರಚುತ್ತದೆ. ಅವಳು ಶೆಲ್ಲು ಕಿತ್ತಿಟ್ಟು ಅಡುಗೆ ಮುಗಿಸುತ್ತಿದ್ದಳು, ಆಮೇಲೆ ಹಾಕಲು ಮರೆಯುತ್ತಿದ್ದಳು. ಶೆಲ್ಲು ಕೀಳುವ ಬದಲು ಅದರಲ್ಲೇ ಇರುವ ಸದ್ದು ನಿಲ್ಲಿಸುವ ಗುಂಡಿ ಒತ್ತಿ, ಚಿಮಣಿ ಹಾಕಿ. ತಿಂಗಳಿಗೊಮ್ಮೆ ಟೆಸ್ಟ್ ಒತ್ತಿ. ನಡುನಡುವೆ ಚಿಕ್ ಚಿಕ್ ಅಂದರೆ ಶೆಲ್ಲು ಮುಗಿಯುತ್ತಿದೆ. ಅಲಾರಂಗೇ ಹತ್ತು ವರ್ಷ ಆಯಸ್ಸು. ಹಿಂಬದಿಯಲ್ಲಿ ತಯಾರಾದ ತಾರೀಕು ಇರುತ್ತದೆ, ದಾಟಿದ್ದರೆ ಇಡೀ ಅಲಾರಂ ಬದಲಿಸಬೇಕು.

8. ಉಳಿದ ಚಿಲ್ಲರೆ, ಆದರೆ ಚಿಲ್ಲರೆ ಅಲ್ಲ

ಪವರ್ ಬ್ಯಾಂಕನ್ನು ಮಳೆಗಾಲದಲ್ಲಿ ತುಂಬಿಸಿಡಿ, ಉಳಿದ ದಿನ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು. ಹೊಟ್ಟೆ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಒತ್ತಬೇಡಿ. ಮನೆಯಿಂದ ಹೊರಗೆ ಒಣ ಜಾಗದಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಔಷಧಿ ಡಬ್ಬಿಯಲ್ಲಿ ಓಆರ್‌ಎಸ್, ಬ್ಯಾಂಡೇಜು, ಸಕ್ಕರೆ ನೋಡುವ ಸ್ಟ್ರಿಪ್‌ಗಳ ತಾರೀಕು ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ನೆಬ್ಯುಲೈಸರ್ ಬಳಸುವವರು ಮನೆಯಲ್ಲಿದ್ದರೆ ಮೂರು ದಿನ ಕರೆಂಟ್ ಇಲ್ಲದಿದ್ದರೆ ಏನು ಎಂದು ಡಾಕ್ಟರ ಹತ್ತಿರ ಮಳೆಗೆ ಮುಂಚೆಯೇ ಕೇಳಿಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಸ್ತೆಗಳೂ ಮುಚ್ಚಿಹೋಗಿದ್ದವು. ಪೇಟೆಗೆ ಹೋಗಿ ತರೋಣ ಅನ್ನುವ ಮಾತು ಅಂಥ ದಿನ ನಡೆಯುವುದಿಲ್ಲ.

ಫೋನ್ ನಂಬರುಗಳನ್ನು ಕಾಗದದಲ್ಲಿ ದಪ್ಪಗೆ ಬರೆದು ಬಾಗಿಲ ಹಿಂದೆ ಅಂಟಿಸಿ: ಎಲ್ಲ ತುರ್ತಿಗೂ 112, ಆಂಬುಲೆನ್ಸ್ 108, ಅಗ್ನಿಶಾಮಕ 101, ಕರೆಂಟಿಗೆ 1912, ಗ್ಯಾಸ್ ಸೋರಿಕೆಗೆ 1906, ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಲೈನ್‌ಮನ್ ನಂಬರನ್ನೂ ಸೇರಿಸಿ. ನಿಜ ಹೇಳಬೇಕೆಂದರೆ ಹಳ್ಳಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಹಳೆಯ ಶೆಲ್ಲುಗಳನ್ನು ಬಚ್ಚಲೊಲೆಗೆ ಹಾಕಬೇಡಿ. ಸಿಡಿಯುತ್ತವೆ. ತುದಿಗಳಿಗೆ ಟೇಪ್ ಅಂಟಿಸಿ ಒಂದು ಡಬ್ಬಿಯಲ್ಲಿ ಕೂಡಿಡಿ, ಪೇಟೆಗೆ ಹೋದಾಗ ಇ-ತ್ಯಾಜ್ಯಕ್ಕೆ ಕೊಡಿ. ಹಳೆಯ ಇನ್ವರ್ಟರ್ ಬ್ಯಾಟರಿಗೆ ಹೊಸದರ ಅಂಗಡಿಯವರೇ ಬೆಲೆ ಕಟ್ಟಿ ಕಳೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆಯುವ ಹೊಣೆ ತಯಾರಿಸುವವರದ್ದು. ಗುಜರಿಯವನಿಗೆ ಹಾಕಿ ಆ್ಯಸಿಡ್ ಚರಂಡಿಗೆ ಚೆಲ್ಲಿಸಬೇಡಿ.

9. ಒಂದು ರಾತ್ರಿ ಮೇನ್ ಆಫ್ ಮಾಡಿ

ಎಲ್ಲ ನೋಡಿಯಾದ ಮೇಲೆ, ಊಟವಾದ ನಂತರ, ಮುಂಚೆ ಹೇಳದೆ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರನ್ನೂ ಆರಿಸಿ. ಅರ್ಧ ಗಂಟೆ. ವಯಸ್ಸಾದವರಿಗೆ ಮಾತ್ರ ಮೊದಲೇ ಹೇಳಿರಿ, ಎದ್ದು ಓಡಾಡಿ ಬಿದ್ದಾರು. ಯಾರು ಎಲ್ಲಿಗೆ ಕೈ ಹಾಕುತ್ತಾರೆ, ಏನು ಸಿಗುವುದಿಲ್ಲ ನೋಡಿ.

ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ಹಿಂಬಾಗಿಲ ಕೀಲಿ ಸಿಗಲಿಲ್ಲ. ಟಾರ್ಚ್ ಇತ್ತು, ಆದರೆ ಮಹಡಿಯಲ್ಲಿತ್ತು. ಮರುದಿನವೇ ಬಾಗಿಲ ಪಕ್ಕ ಎರಡು ಮೊಳೆ ಹೊಡೆದೆವು, ಒಂದು ಕೀಲಿಗೆ, ಒಂದು ಬ್ಯಾಟರಿಗೆ. ಎರಡನೇ ಸಲ ಮಾಡಿದಾಗ ಮೊಳೆಯಲ್ಲಿ ಬ್ಯಾಟರಿ ಇರಲಿಲ್ಲ. ಮಗ ಗೋಡೆಯ ಮೇಲೆ ನೆರಳಾಟ ಆಡಿ ಶೆಲ್ಲು ಮುಗಿಸುತ್ತಾನೆ ಎಂದು ಅತ್ತೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀರುವಿನ ಕೀಲಿ ಹುಡುಕಲು ಬ್ಯಾಟರಿ ಬೇಕಾಗಿತ್ತು. ಈಗ ಎರಡು ಕೊಂಡಿದ್ದೇವೆ. ಒಂದು ಆಟಕ್ಕೆ, ಒಂದು ಮೊಳೆಗೆ.